ಪೊಳ್ಳಾಚಿ ಲೈಂಗಿಕ ದೌರ್ಜನ್ಯ ಪ್ರಕರಣ

ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿಯಲ್ಲಿ ಯುವಕರ ಗುಂಪೊಂದು ಹಲವು ಯುವತಿಯರ ಮೇಲೆ ನಡೆಸಿದ ಸರಣಿ ಅತ್ಯಾಚಾರ ಹಾಗೂ ಸುಲಿಗೆಯ ಪ್ರಕರಣ. ಸಾಮಾಜಿಕ ಜಾಲತಾಣದಲ್ಲಿ ಸ್ನೇಹ ಬೆಳೆಸಿ, ಕೃತ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಆ ವಿಡಿಯೊ ತೋರಿಸಿ ಬೆದರಿಸುವುದು ಈ ಗುಂಪಿನ ಕ್ರಮ. ಮಾನ ಹೋಗುವುದು ಹೆಣ್ಣಿನದೇ, ಆದ್ದರಿಂದ ಆಕೆ ಬಾಯಿಬಿಡಲಾರಳು ಎಂಬ ಎಣಿಕೆಯೇ ಇದಕ್ಕೆ ಆಧಾರ. 2019ರ ಫೆಬ್ರವರಿಯಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬರ ದೂರಿನಿಂದ ಪ್ರಕರಣ ಬಯಲಾಯಿತು. ಪೊಲೀಸರೇ ಆಕೆಯ ಗುರುತು ಬಹಿರಂಗಪಡಿಸಿದ್ದು ತೀವ್ರ ಟೀಕೆಗೆ ಗುರಿಯಾಯಿತು. ಮಾರ್ಚ್‌ನಲ್ಲಿ ದೌರ್ಜನ್ಯವನ್ನು ಖಂಡಿಸಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ತನಿಖೆ ರಾಜ್ಯ ಪೊಲೀಸರ ಸಿಬಿ-ಸಿಐಡಿಯಿಂದ ಸಿಬಿಐಗೆ ಹೋಯಿತು. ವಿಚಾರಣೆಯಲ್ಲಿ ಯಾವ ಸಾಕ್ಷಿಯೂ ಪ್ರತಿಕೂಲವಾಗಲಿಲ್ಲ, ಇಂಥ ಮೊಕದ್ದಮೆಗಳಲ್ಲಿ ಇದು ಅಪರೂಪ. 2025ರ ಮೇ 13ರಂದು ಕೊಯಮತ್ತೂರಿನ ಮಹಿಳಾ ನ್ಯಾಯಾಲಯವು ಎಲ್ಲ 9 ಆರೋಪಿಗಳಿಗೆ ಸಾಯುವವರೆಗೆ ಜೀವಾವಧಿ ಸಜೆ ವಿಧಿಸಿ, ಸಂತ್ರಸ್ತೆಯರಿಗೆ ಒಟ್ಟು 85 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.