ಮುಚ್ಚಿ ಅಂದ ಮೇಲೂ ನಡೆದ ಕಾಫಿ ಹೌಸು

ಕಾಫಿ ಶಾಪ್ ಚೈನ್‌ನಿಂದ ಬಿಸಿನೆಸ್ ಕಲೀಬೇಕು ಅಂದ್ರೆ ಎಲ್ಲರೂ ಸ್ಟಾರ್‌ಬಕ್ಸ್ ಕಡೆ ತಿರುಗ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸೋದು ನಮ್ಮ ಇಂಡಿಯನ್ ಕಾಫಿ ಹೌಸ್. ಬಿಳಿ ಯೂನಿಫಾರ್ಮು, ಬೀಸಣಿಗೆ ಥರ ಬಿಚ್ಚಿಕೊಂಡ ಪೇಟ, ಸೊಂಟಕ್ಕೆ ಅಗಲವಾದ ಪಟ್ಟಿ... ಹೌದು, ಅದೇ. ಅದರ ಮಾಲೀಕರು ಯಾರು ಅಂತ ಕೇಳಿದ್ರೆ ಬಹಳ ಜನ ಸರ್ಕಾರ ಅಂತಾರೆ. ಅಲ್ಲ. ನಿಮ್ಮ ಟೇಬಲ್ಲಿಗೆ ಆಮ್ಲೆಟ್ ತಂದಿಡುವ ಸಪ್ಲೈಯರುಗಳದ್ದೇ ಆ ಸಂಸ್ಥೆ.

ಹುಟ್ಟಿದ್ದು ಮಾತ್ರ ಹಾಗಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತು. ಕೊಡಗು, ಚಿಕ್ಕಮಗಳೂರಿನ ತೋಟಗಳ ಕಾಫಿಯನ್ನು ಹೊರದೇಶದವರು ಕೊಳ್ಳದಿದ್ದರೆ ಇಲ್ಲಿನವರಿಗೇ ಕುಡಿಸಬೇಕಲ್ಲ? ಅದಕ್ಕೇ ಕಾಫಿ ಸೆಸ್ ಕಮಿಟಿ 1936ರಲ್ಲಿ ಬೊಂಬಾಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಮುಂದೆ ಇವೆಲ್ಲ ಕಾಫಿ ಬೋರ್ಡಿನ ಕೈಗೆ ಬಂದವು, ಊರೂರಲ್ಲಿ ಶಾಖೆಗಳಾದವು. ಇವತ್ತಿನ ಭಾಷೇಲಿ ಹೇಳೋದಾದ್ರೆ ಅದು ಅಂಗಡಿಯಲ್ಲ, ಮಾರ್ಕೆಟಿಂಗ್ ಖರ್ಚು. ಆಫೀಸಲ್ಲಿ ಕೆಲಸ ಮಾಡೋ ಯಾರಿಗಾದ್ರೂ ಗೊತ್ತು, ಖರ್ಚು ಕಡಿಮೆ ಮಾಡಿ ಅಂದಾಗ ಮೊದಲು ಕತ್ತರಿ ಬೀಳೋದು ಎಲ್ಲಿಗೆ ಅಂತ. 1950ರ ದಶಕದ ನಡುವಿಗೆ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಅಡುಗೆಯವರು, ಸಪ್ಲೈಯರುಗಳು, ಕ್ಲೀನರುಗಳು ಬೀದಿಗೆ ಬಿದ್ದರು.

ಆಗ ಮಧ್ಯೆ ಬಂದವರು ಕೇರಳದ ಕಮ್ಯುನಿಸ್ಟ್ ನಾಯಕ, ಲೋಕಸಭಾ ಸದಸ್ಯ ಎ.ಕೆ. ಗೋಪಾಲನ್. ಕೆಲಸ ವಾಪಸ್ ಕೊಡಿ ಅಂತ ಕೇಳೋದಷ್ಟೇ ಅಲ್ಲ, ನೀವೇ ಸಹಕಾರ ಸಂಘ ಕಟ್ಟಿ ನಡೆಸಿ ಅನ್ನೋದು ಅವರ ಸಲಹೆ. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ, 1957ರ ಆಗಸ್ಟ್ 19ರಂದು. ಮುಚ್ಚಲು ಹೊರಟ ಬೋರ್ಡಿನ ಕೇಂದ್ರ ಕಚೇರಿ ಇರೋದೂ ಇದೇ ಊರಲ್ಲಿ! ಅದೇ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ, ಮರುವರ್ಷ ತ್ರಿಶೂರಿನಲ್ಲಿ ಕಾರ್ಮಿಕರದ್ದೇ ಕಾಫಿ ಹೌಸುಗಳು ಬಾಗಿಲು ತೆರೆದವು.

ಹಳ್ಳಿಯಿಂದ ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಊರಿನ ಹಾಲಿನ ಡೇರಿಯಲ್ಲಿ ಹತ್ತು ಹಸು ಕಟ್ಟಿದವನಿಗೂ ಒಂದೇ ಓಟು, ಒಂದು ಹಸು ಇರೋ ಅಜ್ಜಿಗೂ ಒಂದೇ ಓಟು. ಕಾಫಿ ಹೌಸಲ್ಲೂ ಹಾಗೇ, ಆಡಳಿತ ಮಂಡಳಿಯನ್ನು ಆರಿಸೋದು ಕೆಲಸಗಾರರೇ. ನಮಗೆ ಕಂಪನಿ ಕೊಡೋ ಇಸಾಪ್‌ನಲ್ಲಿ ಪಾಲು ಇರಬಹುದು, ಈ ಮಾತಿನ ಬಲ ಇಲ್ಲ.

ಇದಕ್ಕೆ ಬೆಲೆಯೂ ಇದೆ. ಹೊರಗಿನ ಹೂಡಿಕೆದಾರರಿಗೆ ಇಲ್ಲಿ ಜಾಗವಿಲ್ಲ, ಹಾಗಾಗಿ ಒಂದೇ ಸಲ ನೂರು ಶಾಖೆ ತೆರೆಯೋ ದುಡ್ಡೂ ಇಲ್ಲ. ಎಂ.ಜಿ. ರೋಡಿನ ಕಾಫಿ ಹೌಸ್ ಇದ್ದದ್ದು ಬಾಡಿಗೆ ಕಟ್ಟಡದಲ್ಲಿ. 2009ರಲ್ಲಿ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯ್ತು. ಎಷ್ಟೋ ವರ್ಷದ ಗಿರಾಕಿಗಳು ಕಣ್ಣೀರು ಹಾಕಿದ್ರೂ ಜಾಗದ ಪತ್ರ ಬೇರೆಯವರ ಹೆಸರಲ್ಲಿತ್ತು. ಅಲ್ಲಿಂದ ನಡೆದು ಹೋಗುವಷ್ಟು ದೂರದ ಬ್ರಿಗೇಡ್ ರೋಡಿನಲ್ಲಿ 1996ರಲ್ಲಿ ಶುರುವಾದ ಕಾಫಿ ಡೇ ಅಷ್ಟರಲ್ಲಿ ದೇಶ ತುಂಬಾ ಹಬ್ಬಿತ್ತು. ಆದರೆ 2019ರ ಹೊತ್ತಿಗೆ ಅದರ ಮಾತೃಸಂಸ್ಥೆಯ ಸಾಲ 7,000 ಕೋಟಿ ರೂಪಾಯಿ ದಾಟಿತ್ತು. ಒಂದಕ್ಕೆ ದುಡ್ಡೇ ಸಿಗಲಿಲ್ಲ, ಇನ್ನೊಂದಕ್ಕೆ ಸಿಕ್ಕಿದ್ದು ಜಾಸ್ತಿ ಆಯ್ತು ಅಂತ ನನ್ನ ಅನಿಸಿಕೆ.

ಸಂಘ ಅಂದ್ರೆ ಬೆಳೆಯಲ್ಲ ಅನ್ನೋರು ಒಮ್ಮೆ ಕೇರಳಕ್ಕೆ ಹೋಗಿ ಬರಬೇಕು. ಅಲ್ಲಿ ತ್ರಿಶೂರಿನದ್ದೊಂದು, ಕಣ್ಣೂರಿನದ್ದೊಂದು ಸಂಘ. ಊರೂರಿಗೂ ಕಾಫಿ ಹೌಸು. ಬೀಟ್‌ರೂಟ್ ಹಾಕಿದ ಕೆಂಪು ಕಟ್ಲೆಟ್ಟು, ಮಸಾಲೆ ದೋಸೆ ಪಲ್ಯಕ್ಕೂ ಬೀಟ್‌ರೂಟೇ (ನನಗೆ ಇನ್ನೂ ಒಗ್ಗಿಲ್ಲ). ತಿರುವನಂತಪುರದ ತಂಪಾನೂರಿನಲ್ಲಿ ಲಾರಿ ಬೇಕರ್ ಕಟ್ಟಿದ ಇಟ್ಟಿಗೆಯ ಸುರುಳಿ ಕಟ್ಟಡದ ಫೋಟೋ ಎಲ್ಲರೂ ತೆಗೀತಾರೆ. ಆದರೆ ಬಿಸಿನೆಸ್ ನೋಡಬೇಕಿದ್ರೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಆವರಣದ ಕಾಫಿ ಹೌಸುಗಳಿಗೆ ಹೋಗಿ. ದುಬಾರಿ ರಸ್ತೆಯ ಬಾಡಿಗೆಯ ಗೋಳಿಲ್ಲ, ಗಿರಾಕಿಯನ್ನು ಕರೆಯೋ ಜಾಹೀರಾತು ಬೇಕಿಲ್ಲ. ಅಲ್ಲಿ ಕೂತವರು ವಾರ್ಡಿನಲ್ಲಿ ಯಾರನ್ನೋ ಮಲಗಿಸಿ ಬಂದವರು. ಅವರಿಗೆ ಬಿಸಿಯಾಗಿ ಏನೋ ಒಂದು ಬೇಕು, ಬಿಲ್ಲು ನೋಡಿ ಎದೆ ಧಸಕ್ಕನ್ನಬಾರದು, ಅಷ್ಟೇ.