ಕೃಷಿಯಲ್ಲಿ ಮಹಿಳೆಯರು ಮತ್ತು ಯುವಜನರ ತೊಡಕುಗಳು (ಮನಗೂಳಿ ಪ್ರದೇಶ)

ವಿಜಯಪುರ ಜಿಲ್ಲೆಯ ಮನಗೂಳಿ ಹಾಗೂ ಸುತ್ತಲಿನ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಭಾಗಗಳಲ್ಲಿ ಬೇಸಾಯದ ದುಡಿಮೆಯಲ್ಲಿ ತೊಡಗಿದ ಹೆಂಗಸರು ಮತ್ತು ಯುವಕರಿಗೆ ಭೂಮಿ, ಸಾಲ, ನೀರು, ಮಾರುಕಟ್ಟೆಗಳು ಸುಲಭವಾಗಿ ದಕ್ಕದಂತೆ ಮಾಡುವ ಕಾನೂನು, ಆರ್ಥಿಕ ಮತ್ತು ಸಾಮಾಜಿಕ ಅಡೆತಡೆಗಳು.

ಮೂಲ: ಮಳೆಯಾಶ್ರಿತ ಎರೆಭೂಮಿ, ಮರುಕಳಿಸುವ ಬರ, ಪಾಲಾಗುತ್ತ ಕಿರಿದಾದ ಹಿಡುವಳಿ ಮತ್ತು ಗಂಡುಮಕ್ಕಳಿಗೆ ಹೊಲ ಬಿಡುವ ರೂಢಿ ಈ ಅಡೆತಡೆಗಳ ಮುಖ್ಯ ಕಾರಣಗಳು. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದಲ್ಲಿ ಹಲವು ಊರುಗಳ ಜಮೀನು ಮುಳುಗಿದ್ದೂ ಇವುಗಳ ಜೊತೆ ಸೇರಿತು.

ಲಕ್ಷಣಗಳು: ಜೋಳ, ತೊಗರಿ, ಕಡಲೆ ಬೆಳೆಗಳಲ್ಲಿ ಕಳೆ ತೆಗೆಯುವುದು, ಕೊಯ್ಲು ಹೆಚ್ಚಾಗಿ ಹೆಂಗಸರ ಕೆಲಸ, ಕೂಲಿ ಗಂಡಸರಿಗಿಂತ ಕಡಿಮೆ. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದವರಿಗೆ ಬೆಳೆಸಾಲ, ಬೆಳೆವಿಮೆ, 2019ರಲ್ಲಿ ಬಂದ ಪಿಎಂ-ಕಿಸಾನ್ ನೆರವು ಸಿಗುವುದು ಕಷ್ಟ. ತಂದೆಯ ಹೆಸರಿನಲ್ಲೇ ಉಳಿದ ಜಮೀನು ಮತ್ತು ದಾಖಲೆಯಿಲ್ಲದ ಲಾವಣಿ (ಗೇಣಿ) ಯುವಕರಿಗೂ ಇದೇ ತೊಡಕು ಒಡ್ಡುತ್ತವೆ. ಹೀಗಾಗಿ ಹಲವರು ಗೋವಾ, ಮಹಾರಾಷ್ಟ್ರ, ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಕಾನೂನು: ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕ ತಿದ್ದುಪಡಿ 1994ರಲ್ಲಿ, ಕೇಂದ್ರ ತಿದ್ದುಪಡಿ 2005ರಲ್ಲಿ ಜಾರಿಯಾದವು. ಆದರೂ ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಡುವ ಪದ್ಧತಿ ಉಳಿದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಸಮಪಾಲು ಹುಟ್ಟಿನಿಂದಲೇ ಬರುವ ಹಕ್ಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿತು.