ಕ್ಯಾಮೆರಾ ತಣ್ಣಗಿರಲಿ: ಕ್ರೋಯ್ಡನ್ನಿನಿಂದ ಚಂದ್ರನವರೆಗೆ



2024ರ ಮೇ 10ರ ರಾತ್ರಿ ದಕ್ಷಿಣ ಇಂಗ್ಲೆಂಡಿನಲ್ಲೂ ಧ್ರುವಪ್ರಭೆ ಕಾಣಿಸಿಕೊಂಡಿತಲ್ಲ, ಆಮೇಲೆ ನಮ್ಮವರ ಫೋನುಗಳಲ್ಲಿ ಓಡಾಡಿದ ಚಿತ್ರಗಳು ನೆನಪಿರಬಹುದು. ಗುಲಾಬಿ, ಹಸಿರು ಎಲ್ಲ ಚೆನ್ನಾಗಿಯೇ ಇತ್ತು. ದೊಡ್ಡದು ಮಾಡಿ ನೋಡಿದರೆ ಮಾತ್ರ ಕಪ್ಪು ಜಾಗದಲ್ಲೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ. ಛಾಯಾಗ್ರಾಹಕರು ಇದನ್ನು ನಾಯ್ಸ್ ಅನ್ನುತ್ತಾರೆ, ಸದ್ದಿಲ್ಲದ ಗದ್ದಲ! ಅದರಲ್ಲಿ ಹೆಚ್ಚಿನ ಪಾಲು ಬೆಳಕು ಸಾಲದೆ ಬಂದದ್ದು. ಇನ್ನೊಂದು ಪಾಲು ಕ್ಯಾಮೆರಾದ ಮೈಬಿಸಿಯದು. ಎಕ್ಸ್‌ಪೋಷರ್ ಉದ್ದವಾದಷ್ಟೂ ಅದು ಹೆಚ್ಚುತ್ತದೆ. ಈ ಬಿಸಿಯ ಚರಿತ್ರೆಯನ್ನು ಹುಡುಕಿ ಹೊರಟರೆ ಒಂದು ದಾರಿ ಕ್ರೋಯ್ಡನ್ನಿನಿಂದಲೇ ಶುರುವಾಗುತ್ತದೆ.

ಕ್ರೋಯ್ಡನ್ ಎಂದರೆ ನಮಗೆ ಟ್ರಾಮು, ಹಳೆಯ ವಿಮಾನ ನಿಲ್ದಾಣ, ಮತ್ತು ವೀಸಾಕ್ಕಾಗಿ ಸರದಿಯಲ್ಲಿ ನಿಂತ ಲೂನಾರ್ ಹೌಸ್. ಆದರೆ ನೂರು ವರ್ಷದ ಹಿಂದೆ ಫೋಟೋ ತೆಗೆಯುವವರಿಗೆ ಈ ಊರು ಗೊತ್ತಿದ್ದದ್ದು ಗಾಜಿನ ಪ್ಲೇಟುಗಳಿಂದ. ರಾಟನ್ ಅಂಡ್ ವೇನ್‌ರೈಟ್ ಎಂಬ ಕಂಪನಿ ಇಲ್ಲಿ ಬೆಳ್ಳಿಯ ಲವಣವನ್ನು ಜಿಲಾಟಿನ್‌ನಲ್ಲಿ ಕಲಸಿ ಗಾಜಿಗೆ ಬಳಿದು ಮಾರುತ್ತಿತ್ತು. 1906ರಲ್ಲಿ ಕೆನೆತ್ ಮೀಸ್ ಎಂಬ ತರುಣ ರಸಾಯನ ವಿಜ್ಞಾನಿ ಬಂದು ಸೇರಿದ. ಅದೇ ವರ್ಷ ಕಂಪನಿ ಕೆಂಪು ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳನ್ನು ಹೊರತಂದಿತು. 1912ರಲ್ಲಿ ಕೊಡಾಕ್‌ನ ಜಾರ್ಜ್ ಈಸ್ಟ್‌ಮನ್‌ಗೆ ಮೀಸ್ ಬೇಕಾದ. ಕಂಪನಿಯನ್ನೂ ಕೊಂಡರೆ ಮಾತ್ರ ಬರುತ್ತೇನೆ ಅಂದನಂತೆ ಈತ. ಈಸ್ಟ್‌ಮನ್ ಕೊಂಡೇಬಿಟ್ಟ! ಅಮೆರಿಕದ ರಾಚೆಸ್ಟರ್‌ನಲ್ಲಿ ಕೊಡಾಕ್ ಸಂಶೋಧನಾಲಯ ಹುಟ್ಟಿದ್ದು ಹಾಗೆ. ಮುಂದೆ ಖಗೋಳ ವಿಜ್ಞಾನಿಗಳಿಗೆಂದೇ ವಿಶೇಷ ಪ್ಲೇಟುಗಳು ಅಲ್ಲಿ ತಯಾರಾದವು.

ಪ್ಲೇಟಿಗೂ ಬಿಸಿಯೆಂದರೆ ಆಗದು. ಬೆಚ್ಚಗಿನ ಕೋಣೆಯಲ್ಲಿಟ್ಟರೆ ಬೆಳಕೇ ಸೋಕದಿದ್ದರೂ ದಿನ ಕಳೆದಂತೆ ಮಸುಕು ಕವಿಯುತ್ತದೆ. ಅವಗೆಂಪು ಬೆಳಕಿನ ಪ್ಲೇಟುಗಳನ್ನಂತೂ ಶೀತಲ ಪೆಟ್ಟಿಗೆಯಲ್ಲೇ ಕಾಪಾಡಬೇಕಿತ್ತು. ನಮ್ಮ ಕಡೆಯ ಬೇಸಗೆಯಲ್ಲಿ ಕಷ್ಟ ಇನ್ನೂ ಒಂದು ಮೆಟ್ಟಿಲು ಮೇಲೆ: ತೊಳೆಯುವ ನೀರೇ ಬಿಸಿಯಾಗಿ ಜಿಲಾಟಿನ್ ಉಬ್ಬಿ ಅಂಚಿನಿಂದ ಏಳುತ್ತಿತ್ತು. ಪಟಿಕದ ನೀರು, ಮಂಜುಗಡ್ಡೆ ಎಲ್ಲ ಆಗ ಡಾರ್ಕ್‌ರೂಮಿನ ಸಾಮಾನುಗಳು. 1960ರ ದಶಕದಲ್ಲಿ ಅಮೆರಿಕದ ಆರ್ಥರ್ ಹೋಗ್ ಎಂಬ ಖಗೋಳಜ್ಞ ಎಕ್ಸ್‌ಪೋಷರ್ ನಡೆಯುವಾಗಲೇ ಡ್ರೈ ಐಸ್‌ನಿಂದ ಎಮಲ್ಷನ್ನನ್ನು ತಣ್ಣಗಿಟ್ಟು ನೋಡಿದ. ಅಲ್ಲಿ ಕಾರಣ ಬೇರೆ (ಮಂದ ಬೆಳಕಿನಲ್ಲಿ ಎಮಲ್ಷನ್ ಸೋಮಾರಿಯಾಗುತ್ತದೆ), ಮದ್ದು ಮಾತ್ರ ಅದೇ.

1969ರಲ್ಲಿ ಬೆಲ್ ಲ್ಯಾಬ್ಸ್‌ನ ಬಾಯ್ಲ್ ಮತ್ತು ಸ್ಮಿತ್ ಸಿಸಿಡಿಯನ್ನು ರೂಪಿಸಿದರು. 1975ರಲ್ಲಿ ಮೀಸ್ ಸೇರಿದ್ದ ಅದೇ ಕೊಡಾಕ್‌ನಲ್ಲಿ ಸ್ಟೀವನ್ ಸ್ಯಾಸನ್ ಸಿಸಿಡಿ ಇಟ್ಟ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಗಾಜು ಹೋಯಿತು, ಬಿಸಿಯ ಕಾಟ ಹೋಗಲಿಲ್ಲ.

ಸಿಲಿಕಾನಿಗೆ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಸಡಿಲಗೊಳ್ಳುತ್ತವೆ, ಕ್ಯಾಮೆರಾ ಅವನ್ನು ಎಣಿಸುತ್ತದೆ. ಬರಿಯ ಶಾಖದಿಂದಲೂ ಕೆಲವು ಸಡಿಲಗೊಳ್ಳುತ್ತವೆ. ದೇವಸ್ಥಾನದ ಹುಂಡಿ ಎಣಿಸುವವರಿಗೆ ಯಾವ ನಾಣ್ಯ ಯಾರು ಹಾಕಿದ್ದೆಂದು ಹೇಗೆ ತಿಳಿಯಬೇಕು? ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಇನ್ನೊಂದು ಚಿತ್ರ ತೆಗೆದು ಕಳೆದರಾಯಿತಲ್ಲ ಅನ್ನಬಹುದು. ಹಾಗೆ ಮಾಡುತ್ತಾರೆ ಕೂಡ. ಆದರೆ ಕಳೆಯಲಾಗುವುದು ಸರಾಸರಿಯನ್ನಷ್ಟೇ. ಸುಳ್ಳು ಎಲೆಕ್ಟ್ರಾನು ಸರಾಸರಿ 400 ಇದ್ದರೆ ಸುಮಾರು 20ರ ಏರುಪೇರು ಉಳಿದೇ ಉಳಿಯುತ್ತದೆ, ಆ ರವೆಯ ಚುಕ್ಕೆಗಳು ಅವೇ. ಸಿಲಿಕಾನ್ ಆರೇಳು ಡಿಗ್ರಿ ತಣ್ಣಗಾದರೆ ಸುಳ್ಳೆಣಿಕೆ ಅರ್ಧಕ್ಕಿಳಿಯುತ್ತದೆ. ಹದಿಮೂರು ಡಿಗ್ರಿ ಇಳಿಸಿದರೆ 400 ಇದ್ದದ್ದು 100, ಏರುಪೇರು 10. ಲೆಕ್ಕದಿಂದ ಕಳೆಯುವುದಕ್ಕಿಂತ ಹುಟ್ಟದಂತೆ ಮಾಡುವುದೇ ಲೇಸು.

ಹಾಗಾಗಿಯೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2001ರಲ್ಲಿ ಲೋಕಾರ್ಪಣೆಯಾದ ಎರಡು ಮೀಟರ್ ದೂರದರ್ಶಕದ ಸಿಸಿಡಿಯನ್ನು ದ್ರವ ಸಾರಜನಕದಿಂದ ತಣಿಸುತ್ತಾರೆ. ಅಲ್ಲಿಯ ಚಳಿ ಸಾಲದೇ? ಸಾಲದು! ಗಂಟೆಗಟ್ಟಲೆ ತೆರೆದಿಡುವ ಸೆನ್ಸರಿಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ತಂಪು ಬೇಕು. ಅದನ್ನು ನಡೆಸುವವರು ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. (ಅಂದ ಹಾಗೆ, ನಾವಿಲ್ಲಿ ಧ್ರುವಪ್ರಭೆ ನೋಡಿದ ಆ ಮೇ ರಾತ್ರಿಯೇ ಹಾನ್ಲೆಯ ಆಕಾಶ ಕ್ಯಾಮೆರಾಗಳೂ ಕೆಂಪು ಪ್ರಭೆಯನ್ನು ಹಿಡಿದವು.)

ಭೂಮಿಯ ಮೇಲೆ ಇಷ್ಟು ಮಾಡಬಹುದು. ಚಂದ್ರನ ಸುತ್ತ? ಕ್ರೋಯ್ಡನ್ನಿನ ಲೂನಾರ್ ಹೌಸ್ ಚಂದ್ರಯಾನಗಳ ಉತ್ಸಾಹದ ಕಾಲದಲ್ಲಿ ಹೆಸರು ಪಡೆದ ಕಟ್ಟಡ. ಅಲ್ಲಿ ಸರದಿಯಲ್ಲಿ ನಿಂತ ನಮ್ಮ ಪೈಕಿ ಯಾರಿಗೂ ಚಂದ್ರ ನೆನಪಾಗಿರಲಿಕ್ಕಿಲ್ಲ! ನಿಜವಾದ ಚಂದ್ರನಿಗೆ ಬೆಂಗಳೂರಿನ ನೌಕೆ ಹೊರಟದ್ದು 2008ರ ಅಕ್ಟೋಬರ್ 22ರಂದು. ಚಂದ್ರಯಾನ-1ರಲ್ಲಿ ಸಿ1ಎಕ್ಸ್‌ಎಸ್ ಎಂಬ ಎಕ್ಸ್‌-ಕಿರಣ ಕ್ಯಾಮೆರಾ ಇತ್ತು. ಅದನ್ನು ಕಟ್ಟಿದ್ದು ಆಕ್ಸ್‌ಫರ್ಡ್‌ಶೈರ್‌ನ ರುದರ್‌ಫರ್ಡ್ ಆಪಲ್‌ಟನ್ ಲ್ಯಾಬೊರೇಟರಿ, ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದ ಸಹಯೋಗದಲ್ಲಿ. ಒಳಗಿದ್ದದ್ದು ಸಿಸಿಡಿಯ ದಾಯಾದಿಯಾದ ಸೆನ್ಸರುಗಳು, ತಣ್ಣಗಿದ್ದರೆ ಮಾತ್ರ ಚೆನ್ನಾಗಿ ಎಣಿಸುವಂಥವು.

ನವೆಂಬರ್ ಕೊನೆಗೆ ನೌಕೆಯ ಒಳಗೆ 50 ಡಿಗ್ರಿ ಮುಟ್ಟಿತು. ಗಾಳಿಯಿಲ್ಲದ ಕಡೆ ಫ್ಯಾನು ಹಾಕಿ ಪ್ರಯೋಜನವಿಲ್ಲ. ಶಾಖ ವಿಕಿರಣವಾಗಿಯೇ ಹೊರಡಬೇಕು. ಮೇಲೆ ಸೂರ್ಯ, ಕೆಳಗೆ ಕಾದ ಚಂದ್ರನ ನೆಲ. ಇಸ್ರೋದವರು ನೌಕೆಯನ್ನು ಸುಮಾರು 20 ಡಿಗ್ರಿ ತಿರುಗಿಸಿ, ಕೆಲವು ಉಪಕರಣ ಆರಿಸಿ, ಹತ್ತು ಡಿಗ್ರಿಯಷ್ಟು ತಂಪು ಗಳಿಸಿದರು. ಡಿಸೆಂಬರ್ 12ರಂದು ಸಣ್ಣದೊಂದು ಸೌರಜ್ವಾಲೆ ಎದ್ದಾಗ ಸಿ1ಎಕ್ಸ್‌ಎಸ್ ಚಂದ್ರನ ಎಕ್ಸ್‌-ಕಿರಣವನ್ನು ಹಿಡಿದೇ ಹಿಡಿಯಿತು.

2009ರ ಮೇನಲ್ಲಿ ಕಕ್ಷೆಯನ್ನು 100ರಿಂದ 200 ಕಿಲೋಮೀಟರ್ ಎತ್ತರಕ್ಕೆ ಏರಿಸಿದರು. ಹೆಚ್ಚು ನೆಲ ಕಾಣಲೆಂದು ಅಂತ ಆಗ ಹೇಳಿದ್ದು. ಬಿಸಿಯೂ ಕಾರಣವೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಉಪಗ್ರಹ ಕೇಂದ್ರದ ನಿರ್ದೇಶಕ ಟಿ. ಕೆ. ಅಲೆಕ್ಸ್ ಒಪ್ಪಿಕೊಂಡರು. ಮೊದಲೇ ಹೇಳಿದ್ದರೆ ಯಾರೂ ಬೈಯುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಎರಡು ವರ್ಷಕ್ಕೆಂದು ಹೋದ ನೌಕೆ 312 ದಿನಕ್ಕೆ ಮಾತು ನಿಲ್ಲಿಸಿತು.

ಅದೇ ಜಾತಿಯ ಸೆನ್ಸರುಗಳನ್ನು ಎಸೆಕ್ಸಿನ ಚೆಮ್ಸ್‌ಫರ್ಡ್‌ನ ಇ2ವಿ ಕಂಪನಿಯಿಂದ ತರಿಸಿ ಬೆಂಗಳೂರಿನವರು 2019ರ ಚಂದ್ರಯಾನ-2ಕ್ಕೆ ಕ್ಲಾಸ್ ಎಂಬ ತಮ್ಮದೇ ಉಪಕರಣ ಕಟ್ಟಿದರು. 2022ರಲ್ಲಿ ಅದರಿಂದ ಚಂದ್ರನ ಮೈಮೇಲಿನ ಸೋಡಿಯಮ್ಮಿನ ನಕ್ಷೆ ಹೊರಬಂತು.